ಗೋಧಿ ಒಗ್ಗದ ನಾಯಿಗಳು

ಕೇಳುಗರಿಗೆಲ್ಲ ನಮಸ್ಕಾರ. ತಮ್ಮ ತಟ್ಟೆಯ ಚಪಾತಿ, ಬ್ರೆಡ್ಡು, ಬಿಸ್ಕತ್ತಿನಲ್ಲಿ ಒಂದು ತುಂಡು ಮುರಿದು ನಾಯಿಗೆ ಹಾಕುವವರು ಇವತ್ತು ದಯವಿಟ್ಟು ಗಮನವಿಟ್ಟು ಕೇಳಿ.

ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಹಿಟ್ಟು ನಾದಿದಾಗ ಜಿಗುಟು ಬರುವುದು ಅದರಿಂದಲೇ. ಸಾಮಾನ್ಯವಾಗಿ ನಾಯಿಗಳಿಗೆ ಇದರಿಂದ ತೊಂದರೆಯಿಲ್ಲ. ಆದರೆ ಐರಿಷ್ ಸೆಟ್ಟರ್ ಎಂಬ ಕೆಂಗೂದಲಿನ ತಳಿಯ ಕೆಲವು ಮರಿಗಳಿಗೆ ಇದು ಹುಟ್ಟಿನಿಂದಲೇ ಒಗ್ಗುವುದಿಲ್ಲ. 1980ರ ದಶಕದಲ್ಲಿ ಇಂಗ್ಲೆಂಡಿನ ಪಶುವೈದ್ಯರು ಇದನ್ನು ಪರೀಕ್ಷಿಸಿ ತೋರಿಸಿದರು. ಸಣ್ಣ ಕರುಳಿನ ಒಳಮೈಯಲ್ಲಿ ಬೆರಳಿನಂಥ ಪುಟ್ಟ ಎಳೆಗಳಿರುತ್ತವೆ. ಆಹಾರದ ಸಾರ ಹೀರುವುದು ಅವೇ. ಈ ಮರಿಗಳು ಗೋಧಿ ತಿಂದರೆ ಆ ಎಳೆಗಳು ಮೊಟಕಾಗುತ್ತವೆ. ಪದೇ ಪದೇ ಭೇದಿಯಾಗುತ್ತದೆ, ಎಷ್ಟು ಹಾಕಿದರೂ ಮೈ ಹಿಡಿಯುವುದಿಲ್ಲ.

ಇದಕ್ಕೆ ಮದ್ದು ಒಂದೇ: ಗೋಧಿ ಬಿಡಿಸುವುದು. ಪೂರ್ತಿ ಬಿಡಿಸುವುದು.

ಒಂದು ಮನೆಯವರು ಇಂಥ ಮರಿಯನ್ನು ನನ್ನಲ್ಲಿಗೆ ತಂದಿದ್ದರು. ಪಕ್ಕೆಲುಬು ಎಣಿಸಬಹುದಿತ್ತು. ಜಂತುಹುಳುವಿನ ಔಷಧಿ, ಮಲಪರೀಕ್ಷೆ ಎಲ್ಲ ಆಗಿತ್ತು. ಅನ್ನ, ಬೇಯಿಸಿದ ಕೋಳಿ ಬಿಟ್ಟು ಬೇರೇನೂ ಬೇಡ ಎಂದೆ. ತಿಂಗಳಾದರೂ ಗುಣವಿಲ್ಲ. "ಒಂದು ಚೂರು ಗೋಧೀನೂ ಕೊಟ್ಟಿಲ್ಲ ಡಾಕ್ಟ್ರೇ" ಅಂದರು ಆ ಮನೆಯಾಕೆ. ಜೊತೆಗೆ ಬಂದಿದ್ದ ಅಜ್ಜ ಮಾತಾಡಲಿಲ್ಲ. ಮರಿ ಮಾತ್ರ ಅವರ ಜುಬ್ಬಾದ ಜೇಬಿಗೇ ಮೂಗು ತೂರಿಸುತ್ತಿತ್ತು. ನೋಡಿದರೆ ಜೇಬಿನ ತುಂಬ ರಸ್ಕಿನ ಪುಡಿ! "ಕಾಫಿ ಕುಡಿಯೋವಾಗ ಎದುರಿಗೇ ಕೂತಿರುತ್ತಲ್ಲ ಪಾಪ, ಒಂದೇ ಒಂದು ತುಂಡು..." ಎಂದರು. ಅಜ್ಜಾ, ಆ ಒಂದು ತುಂಡಿಗೇ ಕರುಳು ಮಾಯುತ್ತಿಲ್ಲ ಎಂದೆ. ರಸ್ಕು ನಿಂತಿತು. ಕೆಲವು ವಾರ ಕಳೆದು ಬಂದಾಗ ಮರಿಯನ್ನು ಮೇಜಿನ ಮೇಲೆತ್ತಲು ಇಬ್ಬರು ಬೇಕಾಯಿತು.

ಅದಕ್ಕೇ ಮತ್ತೆ ಹೇಳುತ್ತೇನೆ, ಪೂರ್ತಿ ಬಿಡಿಸಿ. ಮುಕ್ಕಾಲು ಪಾಲು ಬಿಡಿಸಿದರೆ ಬಿಡಿಸಿದಂತಲ್ಲ. ಕಡೇಪಕ್ಷ ಆರು ವಾರ ಬಿಗಿಯಾಗಿ ನಡೆಸಿ. ಮೈದಾ, ಶ್ಯಾವಿಗೆ, ಉಪ್ಪಿಟ್ಟಿನ ರವೆ ಎಲ್ಲ ಗೋಧಿಯೇ. ಬಾರ್ಲಿಯೂ ಬೇಡ. ಅಕ್ಕಿ, ರಾಗಿ, ಜೋಳದಲ್ಲಿ ಈ ಗ್ಲುಟೆನ್ ಇಲ್ಲ.

ಸಮಯ ಮುಗಿಯುತ್ತಿದೆ, ಎರಡು ಮಾತು ಬೇಗ ಹೇಳಿಬಿಡುತ್ತೇನೆ. ಸೆಟ್ಟರ್‌ಗಳಲ್ಲಿ ದೋಷದ ಜೀನು ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿಗೆ ಕಾಯಿಲೆ. ಆರೋಗ್ಯವಾಗಿ ಕಾಣುವ ಜೋಡಿಗೂ ಇಂಥ ಮರಿ ಹುಟ್ಟಬಹುದು. ಹುಟ್ಟಿದರೆ ಆ ಜೋಡಿಯನ್ನು ಮತ್ತೆ ಕೂಡಿಸಬೇಡಿ. ಬಾರ್ಡರ್ ಟೆರಿಯರ್ ತಳಿಯಲ್ಲಿ ಗ್ಲುಟೆನ್‌ನಿಂದ ಕಾಲು ಸೆಟೆದು ಮೈ ನಡುಗುವುದುಂಟು. ನೋಡಿದವರು ಮೂರ್ಛೆರೋಗ ಅಂದುಕೊಳ್ಳುತ್ತಾರೆ, ಆದರೆ ನಾಯಿಗೆ ಎಚ್ಚರ ತಪ್ಪಿರುವುದಿಲ್ಲ. ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ವೈದ್ಯರಿಗೆ ತೋರಿಸಿ. ಅಲ್ಲೂ ಗೋಧಿ ಪೂರ್ತಿ ಬಿಡಿಸಬೇಕು. ನಮಸ್ಕಾರ.