ಎರಡು ಪ್ರೋಟಾನ್ ಒಟ್ಟಿಗೆ ಹೊರಬೀಳೋದನ್ನು ಫೋಟೋ ಹಿಡಿದದ್ದು ಹೇಗೆ?

[ಪರದೆ: ಕಪ್ಪು ಹಿನ್ನೆಲೆ. ಎಡದಿಂದ ಒಂದು ಮಸುಕು ಗೆರೆ. ಅದು ಮುಗಿದಲ್ಲಿ ಎರಡು ಗಿಡ್ಡ, ಹೊಳೆಯುವ ಗೆರೆಗಳು.]

ಎಡಗಡೆಯಿಂದ ಬಂದಿರೋ ಮಸುಕು ಗೆರೆ ಕಬ್ಬಿಣ-45ರ ಒಂದೇ ಒಂದು ನ್ಯೂಕ್ಲಿಯಸ್‌ನದು. ಅದು ನಿಂತ ಕಡೆ ಮೊಲದ ಕಿವಿ ಥರ ಎದ್ದಿವೆಯಲ್ಲ, ಆ ಎರಡು ಗೆರೆಗಳೇ ಪ್ರೋಟಾನ್‌ಗಳು. ಇಂಥದ್ದು ನಡೀಬಹುದು ಅಂತ ಸೋವಿಯತ್ ವಿಜ್ಞಾನಿ ಗೋಲ್ಡಾನ್‌ಸ್ಕಿ 1960ರಲ್ಲೇ ಹೇಳಿದ್ರು. ಚಿತ್ರ ಸಿಕ್ಕಿದ್ದು 2007ರಲ್ಲಿ.

[ಪರದೆ: ಕಬ್ಬಿಣ-56 ಮತ್ತು ಕಬ್ಬಿಣ-45, ಅಕ್ಕಪಕ್ಕ]

ನಮ್ಮ ದೋಸೆ ಹೆಂಚಿನ ಕಬ್ಬಿಣದಲ್ಲಿ ಬಹುಪಾಲು ಕಬ್ಬಿಣ-56. ಅದರಲ್ಲಿ 26 ಪ್ರೋಟಾನ್, 30 ನ್ಯೂಟ್ರಾನ್. ಕಬ್ಬಿಣ-45ರಲ್ಲೂ ಪ್ರೋಟಾನ್ ಅಷ್ಟೇ, 26, ಆದರೆ ನ್ಯೂಟ್ರಾನ್ ಬರೀ 19. ಪ್ರೋಟಾನ್‌ಗಳ ಪರಸ್ಪರ ವಿಕರ್ಷಣೆಯನ್ನು ತಡೆದು ಹಿಡಿಯೋಕೆ ಅಷ್ಟು ಸಾಲದು.

ಹಾಗಿದ್ರೆ ಒಂದೊಂದಾಗಿ ಯಾಕೆ ಹೊರಡಲ್ಲ? ನ್ಯೂಕ್ಲಿಯಸ್ ಒಳಗೆ ಪ್ರೋಟಾನ್‌ಗಳು ಜೋಡಿ ಜೋಡಿಯಾಗಿರುತ್ತವೆ. ಒಂದನ್ನು ಕಿತ್ತರೆ 25 ಪ್ರೋಟಾನಿನ ಮ್ಯಾಂಗನೀಸ್-44 ಉಳಿಯುತ್ತೆ, ಜೋಡಿ ಒಡೆಯುತ್ತೆ, ಆ ದಂಡ ಕಟ್ಟೋಕೆ ಬೇಕಾದ ಶಕ್ತಿ ಇದರ ಕೈಲಿಲ್ಲ. ಜೋಡಿಯಾಗೇ ಹೊರಟರೆ ಕ್ರೋಮಿಯಂ-43 ಉಳಿದು, ಸುಮಾರು 1.15 ಮೆಗಾ ಎಲೆಕ್ಟ್ರಾನ್ ವೋಲ್ಟ್ (ನ್ಯೂಕ್ಲಿಯಸ್ ಲೋಕದಲ್ಲಿ ಶಕ್ತಿ ಅಳೆಯೋ ಮಾನ) ಮಿಗುತ್ತೆ. ಪ್ರೋಟಾನ್‌ಗಳು ಇದನ್ನು ಹೆಚ್ಚುಕಡಿಮೆ ಅರ್ಧರ್ಧ ಹಂಚಿಕೊಳ್ಳುತ್ತವೆ. ಎದುರಿಗಿರೋ ವಿದ್ಯುತ್ ತಡೆಗೋಡೆಯ ಎತ್ತರ ಇದರ ಎಷ್ಟೋ ಪಟ್ಟು. ಹಾರೋಕಾಗಲ್ಲ, ಕ್ವಾಂಟಂ ಸುರಂಗದಲ್ಲಿ ನುಸುಳಬೇಕು, ಅಂದ್ರೆ ದಾಟೋಕೆ ಸಾಕಷ್ಟು ಶಕ್ತಿ ಇಲ್ಲದೆಯೂ ಗೋಡೆಯೊಳಗಿಂದ ಆಚೆ ಬರಬೇಕು. ಅದಕ್ಕೇ ತಡ: ಅರ್ಧಾಯುಷ್ಯ, ಅಂದ್ರೆ ಅರ್ಧದಷ್ಟು ನ್ಯೂಕ್ಲಿಯಸ್‌ಗಳು ಒಡೆಯೋಕೆ ಹಿಡಿಯೋ ಸಮಯ, 2.6 ಮಿಲಿಸೆಕೆಂಡ್. ನ್ಯೂಕ್ಲಿಯಸ್‌ನ ಲೆಕ್ಕದಲ್ಲಿ ಇದು ಯುಗಗಳಷ್ಟು ಉದ್ದ!

[ಪರದೆ: ಸಿಲಿಕಾನ್ ಪದರದಲ್ಲಿ ಹೂತುಹೋದ ಅಯಾನು]

2002ರಲ್ಲಿ ಜರ್ಮನಿಯ ಜಿಎಸ್‌ಐ ಮತ್ತು ಫ್ರಾನ್ಸಿನ ಗ್ಯಾನಿಲ್, ಎರಡೂ ಪ್ರಯೋಗಾಲಯಗಳಲ್ಲಿ ಈ ಕ್ಷಯ ಸಿಕ್ಕಿತು. ಅಯಾನನ್ನು (ಎಲೆಕ್ಟ್ರಾನ್ ಕಳಚಿದ ಕಬ್ಬಿಣ-45ರ ಪರಮಾಣು) ಸಿಲಿಕಾನ್ ಡಿಟೆಕ್ಟರ್ ಒಳಗೆ ಹೂತು, ಅದು ಒಡೆಯೋವರೆಗೆ ಕಾಯೋದು ವಿಧಾನ. ತೊಂದರೆ ಏನಪ್ಪಾ ಅಂದ್ರೆ, ಅರ್ಧ ಮೆಗಾ ಎಲೆಕ್ಟ್ರಾನ್ ವೋಲ್ಟಿನ ಪ್ರೋಟಾನ್ ಸಿಲಿಕಾನಿನಲ್ಲಿ ಕೆಲವೇ ಮೈಕ್ರಾನ್ ಓಡಿ ನಿಂತುಬಿಡುತ್ತೆ. ಎರಡರ ಶಕ್ತಿಯೂ ಸೇರಿ ಒಂದೇ ಸಂಖ್ಯೆಯಾಗಿ ಬರುತ್ತೆ. ಚೀಲವನ್ನು ಹಾಗೇ ತಕ್ಕಡಿಗೆ ಹಾಕಿದ ಹಾಗೆ: ತೂಕ ಸರಿ, ಒಳಗೆ ತೆಂಗಿನಕಾಯಿ ಒಂದೋ ಎರಡೋ ಕಾಣಲ್ಲ. ಒಟ್ಟು ಶಕ್ತಿ ಲೆಕ್ಕಕ್ಕೆ ಹೊಂದಿತ್ತು, ಜೊತೆಗೆ ಬೀಟಾ ಕ್ಷಯ (ಪ್ರೋಟಾನ್ ನ್ಯೂಟ್ರಾನ್ ಆಗಿ, ಪಾಸಿಟ್ರಾನ್ ಅನ್ನೋ ಧನ ಎಲೆಕ್ಟ್ರಾನ್ ಹೊರಬೀಳೋದು) ಆಗಿದ್ರೆ ಬರಬೇಕಿದ್ದ ಪಾಸಿಟ್ರಾನಿನ ಸುಳಿವೂ ಇರಲಿಲ್ಲ. ಪುರಾವೆ ಗಟ್ಟಿಯೇ, ಆದರೆ ಪರೋಕ್ಷ.

[ಪರದೆ: ಅನಿಲ ತುಂಬಿದ ಪೆಟ್ಟಿಗೆಯ ಅಡ್ಡಛೇದ]

ಪೋಲೆಂಡಿನ ವಾರ್ಸಾದ ತಂಡ ಸಿಲಿಕಾನ್ ಬಿಟ್ಟು ಅನಿಲ ಹಿಡಿಯಿತು. ಹೀಲಿಯಂ, ಆರ್ಗಾನ್, ಸ್ವಲ್ಪ ನೈಟ್ರೋಜನ್, ಸ್ವಲ್ಪ ಮೀಥೇನ್, ಸಾಮಾನ್ಯ ವಾಯುಒತ್ತಡದಲ್ಲಿ. ಇಲ್ಲಿ ಅದೇ ಪ್ರೋಟಾನ್ 2 ಸೆಂಟಿಮೀಟರ್ ಆಸುಪಾಸು ಓಡುತ್ತೆ, ಅಂದ್ರೆ ಕ್ಯಾಮೆರಾಗೆ ಸಿಗುತ್ತೆ. ಓಡಿದ ದಾರಿಯಲ್ಲಿ ಕಿತ್ತುಬಂದ ಎಲೆಕ್ಟ್ರಾನ್‌ಗಳನ್ನು ವಿದ್ಯುತ್ ಕ್ಷೇತ್ರ ಒಂದು ಕಡೆಗೆ ಎಳೆಯುತ್ತೆ. ಕೊನೆಯಲ್ಲಿ ಅವು ಅನಿಲವನ್ನು ಮಿನುಗಿಸುತ್ತವೆ. ಆ ಬೆಳಕನ್ನು ಸಿಸಿಡಿ ಕ್ಯಾಮೆರಾ ಚಪ್ಪಟೆ ಚಿತ್ರವಾಗಿ ಹಿಡಿಯುತ್ತೆ. ಮೂರನೇ ಆಯಾಮ? ಅದಕ್ಕೆ ಫೋಟೋಮಲ್ಟಿಪ್ಲೈಯರ್, ಅಂದ್ರೆ ಮಸುಕು ಬೆಳಕನ್ನೂ ಗುರುತಿಸೋ ಸಂವೇದಕ. ದೂರದ ಎಲೆಕ್ಟ್ರಾನ್ ತಡವಾಗಿ ಬರುತ್ತೆ, ಹತ್ತಿರದ್ದು ಬೇಗ. ಬೆಳಕು ಬಂದ ಹೊತ್ತನ್ನು ಮೈಕ್ರೋಸೆಕೆಂಡಿನ ಮಟ್ಟದಲ್ಲಿ ಬರೆದಿಟ್ಟರೆ ಎತ್ತರ ಗೊತ್ತಾಗುತ್ತೆ. ಎರಡನ್ನೂ ಕೂಡಿಸಿದರೆ ಪ್ರೋಟಾನ್‌ಗಳ ನಡುವಿನ ನಿಜವಾದ ಕೋನ ಸಿಗುತ್ತೆ.

ಇಲ್ಲಿ ಕೈಕೊಡೋ ಜಾಗ ಒಂದಿದೆ. ಒಳಗೆ ನುಗ್ಗೋ ಕಬ್ಬಿಣದ ಅಯಾನು ಪ್ರೋಟಾನಿಗಿಂತ ಬಹಳ ಹೆಚ್ಚು ಎಲೆಕ್ಟ್ರಾನ್ ಕೀಳುತ್ತೆ. ಪೂರ್ತಿ ವರ್ಧನೆ ಇಟ್ಟರೆ ಅದರ ಬೆಳಕೇ ಎಲ್ಲವನ್ನೂ ನುಂಗಿಬಿಡುತ್ತೆ. ಆದ್ದರಿಂದ ನಡುವೆ ಒಂದು ದ್ವಾರ-ವಿದ್ಯುದ್ವಾರ. ಅಯಾನು ಬರುವಾಗ ಸಂವೇದನೆ ಕಡಿಮೆ, ಅದು ಕಬ್ಬಿಣ-45 ಅಂತ ಗುರುತು ಸಿಕ್ಕ ತಕ್ಷಣ ಜಾಸ್ತಿ. ಅದೇ ಹೊತ್ತಿಗೆ ಅಯಾನುಗಳನ್ನು ಕಳಿಸೋ ಕಿರಣಪುಂಜವೂ ಬಂದ್. ಇಲ್ಲದಿದ್ರೆ ಮುಂದಿನ ಅಯಾನು ಚಿತ್ರ ಕೆಡಿಸುತ್ತೆ. ಮೊದಲ ಚಿತ್ರದ ಗೆರೆ ಮಸುಕಾಗಿದ್ದದ್ದು ಇದಕ್ಕೇ.

[ಪರದೆ: ನಿಕಲ್ ಗುರಿಗೆ ಬಡಿಯುವ ನಿಕಲ್-58]

ಪ್ರಯೋಗ ನಡೆದದ್ದು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ನಿಕಲ್-58 ಕಿರಣವನ್ನು ನಿಕಲ್‌ಗೇ ಬಡಿದು, ಸಿಡಿದ ಚೂರುಗಳಿಂದ ಕಬ್ಬಿಣ-45 ಆರಿಸಿದರು. ಹಾರಿಬರಲು ತೆಗೆದುಕೊಂಡ ಸಮಯ, ತೆಳು ಡಿಟೆಕ್ಟರಿನಲ್ಲಿ ಕಳೆದ ಶಕ್ತಿ, ಇವೆರಡರಿಂದ ಪ್ರತಿ ಅಯಾನಿನ ಗುರುತು. ಸಿಕ್ಕ ಕ್ಷಯಗಳು 125. ಅದರಲ್ಲಿ 87 ಎರಡು-ಪ್ರೋಟಾನ್, 38 ಬೀಟಾ. ಬೀಟಾ ಆದ ಮೇಲೂ ಪ್ರೋಟಾನ್ ಬರಬಹುದು, ಆದರೆ ಅವುಗಳ ಶಕ್ತಿ ಜಾಸ್ತಿ, ಗೆರೆ ಉದ್ದ. ಹಾಗಾಗಿ ಬೇರ್ಪಡಿಸೋದು ಸುಲಭ. ಆ ಗುಂಪಿನಲ್ಲೇ ಬೀಟಾ ನಂತರ ಮೂರು ಪ್ರೋಟಾನ್ ಚೆಲ್ಲಿದ ಘಟನೆಗಳೂ ಮೊದಲ ಸಲ ಕಂಡವು.

[ಪರದೆ: ಕೋನಗಳ ಗ್ರಾಫ್]

ಕೋನಗಳ ಗ್ರಾಫಿನಲ್ಲಿ ಎರಡು ದಿಬ್ಬ: ದೊಡ್ಡದು 50 ಡಿಗ್ರಿ ಹತ್ತಿರ, ಚಿಕ್ಕದು 145ರ ಹತ್ತಿರ. ಪ್ರೋಟಾನ್‌ಗಳು ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ಹೊರಟಿದ್ದರೆ ಈ ಆಕಾರ ಬರ್ತಿರಲಿಲ್ಲ. ಮೂರೂ ತುಂಡುಗಳನ್ನು (ಎರಡು ಪ್ರೋಟಾನ್, ಉಳಿದ ನ್ಯೂಕ್ಲಿಯಸ್) ಒಟ್ಟಿಗೆ ಲೆಕ್ಕಹಾಕೋ ಮಾದರಿಗೆ ಇದು ಚೆನ್ನಾಗಿ ಕೂತಿತು.

2016ರಲ್ಲಿ ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯಲ್ಲಿ ಕ್ರಿಪ್ಟಾನ್-67 ಕೂಡ ಹೀಗೇ ಒಡೆಯೋದು ಕಂಡಿತು. ಅದು ಮಾತ್ರ ಆಗ ಇದ್ದ ಲೆಕ್ಕಕ್ಕಿಂತ ಬಹಳ ಬೇಗ ಒಡೆಯಿತು. ನ್ಯೂಕ್ಲಿಯಸ್ ಗುಂಡಗಿಲ್ಲದೆ ಚಪ್ಪಟೆಯಾಗಿರೋದೇ ಕಾರಣ ಇರಬಹುದು ಅನ್ನೋದು ಒಂದು ವಿವರಣೆ.