ನೀರನ್ನು ನಿಲ್ಲಿಸುವ ಕಾಲುವೆ

ಎಲ್ಲರಿಗೂ ನಮಸ್ಕಾರ. ನಾನು ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ಸರ್ವೀಸಿನ ಬಹುಪಾಲು ಕಳೆದದ್ದು ಮಂಡ್ಯ ಕಡೆಯ ನಾಲೆ ಏರಿಗಳ ಮೇಲೆ. ನಮ್ಮ ಕಡೆ ನಾಲೆ ಎಂದರೆ ನೀರು ಹರಿದು ಕಟ್ಟಕಡೆಯ ಗದ್ದೆಗೆ ಮುಟ್ಟಬೇಕು. ಮುಟ್ಟದಿದ್ದರೆ ಕೊನೇ ಭಾಗದ ರೈತರು ಆಫೀಸಿನ ಮುಂದೆ ಬಂದು ಕೂರುತ್ತಾರೆ. ಇವತ್ತು ಹೇಳಹೊರಟಿರುವ ಫ್ರಾನ್ಸಿನ ಕನಾಲ್ ದ್ಯು ಮಿದಿಯ ಲೆಕ್ಕವೇ ಬೇರೆ. ಅಲ್ಲಿ ನೀರು ಹರಿದು ಹೋದಷ್ಟೂ ನಷ್ಟ. ದೋಣಿ ತೇಲಬೇಕಾದರೆ ನೀರು ನಿಲ್ಲಬೇಕು.

ಮಗಳು ಮತ್ತು ಅಳಿಯ ತುಲೂಸ್ ನಗರದಲ್ಲಿ ವಿಮಾನ ಕಾರ್ಖಾನೆಯ ಕೆಲಸದಲ್ಲಿದ್ದಾರೆ. ಕಾಲುವೆ ಶುರುವಾಗುವುದೂ ಅದೇ ಊರಿನಿಂದ. ಅಲ್ಲಿಂದ 240 ಕಿಲೋಮೀಟರ್ ಹೋಗಿ ಮೆಡಿಟರೇನಿಯನ್ ಕರಾವಳಿಯ ತೋ ಹಿನ್ನೀರನ್ನು ಸೇರುತ್ತದೆ. ತುಲೂಸ್‌ನಿಂದ ಆಚೆಗೆ ಗರೋನ್ ನದಿ ಹಿಡಿದರೆ ಅಟ್ಲಾಂಟಿಕ್. ಸ್ಪೇನ್ ದೇಶವನ್ನು ಸುತ್ತಿ ಜಿಬ್ರಾಲ್ಟರ್ ಹಾಯುವ ತಾಪತ್ರಯ ತಪ್ಪಲಿ ಎಂದು ಹದಿನಾಲ್ಕನೇ ಲೂಯಿಯ ಕಾಲದಲ್ಲಿ, 1666ರಿಂದ 1681ರವರೆಗೆ ಇದನ್ನು ತೋಡಿದರು. ಈಗ ಸರಕು ಸಾಗಣೆ ಇಲ್ಲ. ರಜೆಗೆ ಬಂದವರು ದೋಣಿ ಬಾಡಿಗೆಗೆ ಹಿಡಿದು ತಾವೇ ನಡೆಸಿಕೊಂಡು ಹೋಗುತ್ತಾರೆ. ಲೈಸೆನ್ಸ್ ಬೇಕಿಲ್ಲ. ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್. ಏರಿಯ ಮೇಲೆ ಸೈಕಲ್ ತುಳಿಯುವ ಮಕ್ಕಳು ನಮ್ಮನ್ನು ಹಿಂದೆ ಹಾಕಿ, ತಿರುಗಿ ಕೈ ಬೀಸಿ ಹೋಗುತ್ತಿದ್ದರು.

ಜುಲೈ ತಿಂಗಳ ಒಂದು ದಿನವನ್ನು ಹೇಳುತ್ತೇನೆ. ಓಂಪ್ಸ್ ಎಂಬ ಹಳ್ಳಿಯಿಂದ ಲ ಸೊಮಾಯ್ ಎಂಬಲ್ಲಿಗೆ, ಸುಮಾರು ಇಪ್ಪತ್ತು ಕಿಲೋಮೀಟರ್. ಎರಡೂ ದಡದಲ್ಲಿ ದ್ರಾಕ್ಷಿ ತೋಟ. ಬೆಳಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಬಾಡಿಗೆ ದೋಣಿ ಎಂದರೆ ಫೈಬರ್ ಡಬ್ಬ. ಹನ್ನೊಂದರ ಹೊತ್ತಿಗೆ ಒಳಗೆ ಕೂರುವ ಹಾಗಿಲ್ಲ, ಮೇಲೆ ನಿಲ್ಲುವ ಹಾಗಿಲ್ಲ. ನಮ್ಮ ಮನೆಯವರು ಟವೆಲ್ ಒದ್ದೆ ಮಾಡಿ ಚಾವಣಿ ಮೇಲೆ ಹಾಸಿದರು. ಹತ್ತೇ ನಿಮಿಷಕ್ಕೆ ಅದು ಹಪ್ಪಳ. ನೀರು ಕೈಗೆಟುಕುವಷ್ಟು ಹತ್ತಿರ ಇದೆ, ಆದರೆ ಕಾಲುವೆಯಲ್ಲಿ ಈಜುವುದು ನಿಷಿದ್ಧ. ಅದರ ಬಣ್ಣ ನೋಡಿದರೆ ಆಸೆಯೂ ಆಗುವುದಿಲ್ಲ ಅನ್ನಿ.

ಆ ದಿನ ತಂಪು ಸಿಕ್ಕಿದ್ದು ಲಾಕುಗಳಲ್ಲಿ. ನೋಡದವರಿಗಾಗಿ ವಿವರಿಸುತ್ತೇನೆ. ಲಾಕ್ ಎಂದರೆ ಕಾಲುವೆಯ ಎರಡು ಮಟ್ಟಗಳ ನಡುವೆ ಕಟ್ಟಿದ ಕಲ್ಲಿನ ತೊಟ್ಟಿ. ಎರಡೂ ತುದಿಗೆ ಗೇಟು, ಗೇಟಿನಲ್ಲಿ ತೂಬು. ದೋಣಿ ಮೇಲಿನ ಮಟ್ಟದಲ್ಲಿ ಒಳಗೆ ಬರುತ್ತದೆ, ಹಿಂದಿನ ಗೇಟು ಮುಚ್ಚುತ್ತದೆ. ಮುಂದಿನ ತೂಬು ಎತ್ತಿದರೆ ನೀರು ಇಳಿಯುತ್ತದೆ, ಜೊತೆಗೆ ದೋಣಿಯೂ. ದಡದ ಮೇಲೆ ಗಿಡ್ಡ ಕಬ್ಬಿಣದ ಗೂಟಗಳಿರುತ್ತವೆ. ಹಗ್ಗವನ್ನು ಅದಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲಿ ಹಿಡಿದು, ನೀರು ಇಳಿದಂತೆ ಸಡಿಲ ಬಿಡುತ್ತಾ ಹೋಗಬೇಕು. ಗಂಟು ಹಾಕಿದರೆ ನೀರು ಕೆಳಗೆ ಹೋಗುತ್ತದೆ, ದೋಣಿ ಗೋಡೆಗೆ ನೇತಾಡುತ್ತದೆ. ಗೂಟ ಮುಟ್ಟಿದರೆ ಅಂಗೈ ಸುಡುವಷ್ಟು ಕಾದಿತ್ತು. ಇಳಿಯುತ್ತಾ ಹೋದಂತೆ ಎರಡೂ ಕಡೆ ಪಾಚಿ ಹಿಡಿದ ಒದ್ದೆ ಗೋಡೆ ಮೇಲೇಳುತ್ತದೆ. ಕಲ್ಲಿನ ಸಂದುಗಳಿಂದ ಸಣ್ಣಗೆ ನೀರು ಚಿಮ್ಮುತ್ತದೆ. ಹಳೇ ಬಾವಿಗೆ ಇಳಿದಾಗ ಬರುವ ಅದೇ ತಣ್ಣನೆ ವಾಸನೆ. ಗೇಟು ತೆರೆಯಿತೋ, ಮತ್ತೆ ಬಾಣಲೆ.

ತೊಟ್ಟಿಯ ಗೋಡೆಗಳು ನೇರವಾಗಿಲ್ಲ, ಹೊರಕ್ಕೆ ಬಾಗಿವೆ. ಮೇಲಿಂದ ನೋಡಿದರೆ ಕಣ್ಣಿನ ಆಕಾರ. ಮೊದಮೊದಲು ನೇರ ಗೋಡೆ ಕಟ್ಟಿದ್ದರು, ಒಂದು ಕುಸಿಯಿತು. ಹಿಂದಿನ ಮಣ್ಣಿನ ಒತ್ತಡ ತಡೆಯಲು ಆಮೇಲೆ ಕಮಾನನ್ನು ಮಲಗಿಸಿದ ಹಾಗೆ ಕಟ್ಟಿದರು. ಇಂಜಿನಿಯರ್ ಗೆಳೆಯರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಲಾಕುಗಳಿಗೂ ಬಿಡುವು. ಒಂದು ಗಂಟೆ ಯಾವ ಗೇಟೂ ಅಲುಗಾಡುವುದಿಲ್ಲ. ನಾವು ಪೆಶ್ಲೋರಿಯೇ ಲಾಕಿನ ಮುಂದೆ ಕಾಯುತ್ತಾ ಮೊಸರನ್ನ ತಿಂದೆವು. ತಲೆ ಲೆಕ್ಕ ಶುರುವಾದದ್ದು ಅಲ್ಲೇ. ತೊಟ್ಟಿ ಮೂವತ್ತು ಮೀಟರ್ ಉದ್ದ, ನಡುವೆ ಹನ್ನೊಂದು ಮೀಟರ್ ಅಗಲ. ಎರಡೂವರೆ ಮೀಟರ್ ಇಳಿತ ಎಂದು ಹಿಡಿದರೂ ಒಂದು ಸಲಕ್ಕೆ ಆರುನೂರು ಘನ ಮೀಟರ್ ನೀರು, ಅಂದರೆ ಆರು ಲಕ್ಷ ಲೀಟರ್, ಕೆಳಗೆ ಹೋಗುತ್ತದೆ. ದೋಣಿ ಹತ್ತಲಿ, ಇಳಿಯಲಿ, ನೀರು ಮಾತ್ರ ಇಳಿಯುವುದೇ. ಇದರ ಜೊತೆಗೆ ಬಿಸಿಲಿಗೆ ಆವಿ, ಏರಿಯಲ್ಲಿ ಸೋರಿಕೆ. ಕಾಲುವೆಯ ನೆತ್ತಿ ಇರುವುದು ನೊರೂಝ್ ಎಂಬಲ್ಲಿ, ಸಮುದ್ರ ಮಟ್ಟಕ್ಕಿಂತ ಸುಮಾರು 190 ಮೀಟರ್ ಎತ್ತರದಲ್ಲಿ. ಅಲ್ಲಿಂದ ಎರಡು ಕಡೆಗೂ ಇಳಿಜಾರು, ದೊಡ್ಡ ನದಿ ಯಾವುದೂ ಇಲ್ಲ. ಆ ನೆತ್ತಿಗೆ ನೀರು ಎಲ್ಲಿಂದ? ಎರಡು ಸಮುದ್ರ ಜೋಡಿಸುವ ಆಸೆ ರಾಜರಿಗೆ ಹಿಂದಿನಿಂದಲೂ ಇತ್ತು. ಎಲ್ಲರೂ ನಿಂತದ್ದು ಈ ಪ್ರಶ್ನೆಯಲ್ಲೇ.

ಉತ್ತರ ಕೊಟ್ಟವನು ಇಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆಯ ಗುತ್ತಿಗೆದಾರ. ಹೆಸರು ಪಿಯೆರ್ ಪೋಲ್ ರಿಕೆ, ಬೆಝಿಯೇ ಊರಿನವನು. ಉತ್ತರಕ್ಕಿರುವ ಕಪ್ಪು ಬೆಟ್ಟಗಳಲ್ಲಿ ಮಳೆ ಚೆನ್ನಾಗಿ ಆಗುತ್ತದೆ. ಅಲ್ಲಿನ ಹಳ್ಳಗಳನ್ನು ಫೀಡರ್ ಕಾಲುವೆಗೆ ತಿರುಗಿಸಿ ನೆತ್ತಿಗೆ ತಂದು ಬಿಡುವುದು, ಮಳೆಗಾಲದ ನೀರನ್ನು ಬೇಸಿಗೆಗೆ ಕೂಡಿಡಲು ಒಂದು ಜಲಾಶಯ ಕಟ್ಟುವುದು ಅವನ ಯೋಜನೆ. ಸೇಂಟ್ ಫೆರೆಯೋಲ್ ಅಣೆಕಟ್ಟು ಬಂದದ್ದು ಹೀಗೆ. ಉದ್ದ ಸುಮಾರು 780 ಮೀಟರ್. ಕಲ್ಲಿನ ಗೋಡೆಗಳ ನಡುವೆ ಮಣ್ಣು ತುಂಬಿದ ಕಟ್ಟೆ, ಇವತ್ತಿಗೂ ಕೆಲಸದಲ್ಲಿದೆ. ಹಿಡಿಸುವ ನೀರು ಸುಮಾರು 60 ಲಕ್ಷ ಘನ ಮೀಟರ್. ನಮ್ಮ ಲೆಕ್ಕದಲ್ಲಿ ಕಾಲು ಟಿಎಂಸಿಯೂ ಆಗುವುದಿಲ್ಲ. ಕೆಆರ್‌ಎಸ್ 49 ಟಿಎಂಸಿಯದು. ನಗಬೇಡಿ, ಪಂಪು ಇಲ್ಲದ ಕಾಲದಲ್ಲಿ ಅಷ್ಟೇ ನೀರಿನಲ್ಲಿ ದೇಶದ ಆ ಮೂಲೆಯಿಂದ ಈ ಮೂಲೆಗೆ ದೋಣಿ ಓಡಿಸಿದರು.

ಪ್ರವಾಸಿಗರೆಲ್ಲ ಫೋಟೋ ತೆಗೆಯುವುದು ಫೋನ್ಸೆರಾನ್‌ನ ಎಂಟು ತೊಟ್ಟಿಗಳ ಮೆಟ್ಟಿಲನ್ನು. ಚೆನ್ನಾಗಿದೆ, ಇಲ್ಲ ಎನ್ನುವುದಿಲ್ಲ. ನನಗೆ ಸೇಂಟ್ ಫೆರೆಯೋಲ್ ಕಟ್ಟೆಯೇ ದೊಡ್ಡದು.

ಕೆಲಸ ಜೋರಾಗಿದ್ದಾಗ ಹನ್ನೆರಡು ಸಾವಿರ ಜನ ಗುದ್ದಲಿ ಹಿಡಿದಿದ್ದರು, ಅವರಲ್ಲಿ ಹೆಂಗಸರೂ ಇದ್ದರು. ರಿಕೆ ತನ್ನ ಸ್ವಂತ ದುಡ್ಡನ್ನೂ ಸುರಿದ. 1680ರ ಅಕ್ಟೋಬರಿನಲ್ಲಿ ತೀರಿಕೊಂಡ, ಮರು ವರ್ಷ ಮೇ ತಿಂಗಳಲ್ಲಿ ಕಾಲುವೆ ತೆರೆಯಿತು. ಸಾಲ ತೀರಿಸುವ ಪಾಡು ಮಕ್ಕಳದು.

ಅರ್ಜಾನ್ಸ್ ಲಾಕ್ ದಾಟಿದ ಮೇಲೆ ಹಗ್ಗಕ್ಕೆ ಕೆಲಸವಿಲ್ಲ. ಅಲ್ಲಿಂದ ಫೋನ್ಸೆರಾನ್‌ವರೆಗೆ 54 ಕಿಲೋಮೀಟರ್ ಒಂದೇ ಮಟ್ಟ, ಒಂದೂ ಲಾಕಿಲ್ಲ. ಕಂಟೂರ್, ಅಂದರೆ ನೆಲದ ಒಂದೇ ಎತ್ತರದ ಗೆರೆ, ಹಿಡಿದು ಗುಡ್ಡದ ಸೊಂಟ ಸುತ್ತುತ್ತಾ ಕಾಲುವೆ ಹೋಗುತ್ತದೆ. ರೆಪ್ಯೂದ್ರ್ ಎಂಬ ಹೊಳೆಯನ್ನು ಕಲ್ಲಿನ ಸೇತುವೆಯ ಮೇಲೆ, ದೋಣಿಯಲ್ಲಿ ಕೂತೇ ದಾಟುತ್ತೇವೆ. ಕಟ್ಟಿದ್ದು 1676ರಲ್ಲಿ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ 1787ರ ಮೇ ತಿಂಗಳಲ್ಲಿ ಇದೇ ಕಾಲುವೆಯಲ್ಲಿ ಬಂದಿದ್ದ. ತನ್ನ ಸಾರೋಟಿನ ಚಕ್ರ ಕಳಚಿಸಿ, ಅದನ್ನು ದೋಣಿಯ ಮೇಲಿಟ್ಟು, ಬೇಕೆನಿಸಿದಾಗ ಒಳಗೆ ಕೂತು, ಬೇಡವೆನಿಸಿದಾಗ ದಡದಲ್ಲಿ ನಡೆದುಕೊಂಡು ಹೋದ. ಮೇ ತಿಂಗಳು ಆರಿಸಿದ್ದು ಜಾಣತನ.

ಇನ್ನು ನೆರಳಿನ ವಿಷಯ. ಚಿತ್ರಗಳಲ್ಲಿ ನೀವು ನೋಡಿರುವ ಕಾಲುವೆಗೆ ಎರಡೂ ಕಡೆ ಪ್ಲೇನ್ ಮರಗಳ ಚಪ್ಪರವಿರುತ್ತದೆ. ಅವು ರಿಕೆ ನೆಟ್ಟವಲ್ಲ, ಹೆಚ್ಚಿನವು ಹತ್ತೊಂಬತ್ತನೇ ಶತಮಾನದವು. ಸುಮಾರು 42,000 ಮರಗಳಿದ್ದವು. ಬೇರು ಏರಿಯನ್ನು ಹಿಡಿಯುತ್ತಿತ್ತು, ನೆರಳು ನೀರನ್ನು ಕಾಯುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಮದ್ದುಗುಂಡು ತಂದ ಮರದ ಪೆಟ್ಟಿಗೆಗಳ ಜೊತೆ ಒಂದು ಶಿಲೀಂಧ್ರವೂ ಫ್ರಾನ್ಸಿಗೆ ಇಳಿಯಿತು. 2006ರಲ್ಲಿ ಅದು ಈ ಕಾಲುವೆಯ ಮರಗಳಲ್ಲಿ ಕಂಡುಬಂತು. ಔಷಧಿ ಇಲ್ಲ. ಪಕ್ಕಪಕ್ಕದ ಮರಗಳ ಬೇರು ಬೆಸೆದುಕೊಂಡಿರುವುದರಿಂದ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ, ನೀರಿನಲ್ಲೂ ಹರಡುತ್ತದೆ. ದೋಣಿಯ ಹಗ್ಗವನ್ನು ಮರಕ್ಕೆ ಕಟ್ಟಬಾರದು ಎಂದು ಬೋರ್ಡು ಹಾಕಿರುವುದು ಅದಕ್ಕೇ. ಕಡಿದು ಸುಡುವುದೊಂದೇ ದಾರಿ. ಅರ್ಧಕ್ಕಿಂತ ಹೆಚ್ಚು ಹೋಗಿವೆ.

ಆ ಮಧ್ಯಾಹ್ನ ಇದನ್ನು ಓದಿ ತಿಳಿಯಬೇಕಿರಲಿಲ್ಲ, ಚರ್ಮವೇ ಹೇಳುತ್ತಿತ್ತು. ಮರ ಉಳಿದಲ್ಲಿ ಜೀರುಂಡೆಗಳ ಸದ್ದಿನ ಕೆಳಗೆ ಆರಾಮಾಗಿ ಕೂರಬಹುದು. ಕಡಿದಲ್ಲಿ ಛತ್ರಿ ಬಿಚ್ಚಬೇಕು. ಈಗ ಓಕ್ ಮತ್ತು ಬೇರೆ ಜಾತಿಯ ಸಸಿಗಳನ್ನು ಬೆರೆಸಿ ನೆಡುತ್ತಿದ್ದಾರೆ, ಇನ್ನೊಮ್ಮೆ ಒಂದೇ ರೋಗಕ್ಕೆ ಎಲ್ಲವೂ ಬಲಿಯಾಗದಿರಲಿ ಎಂದು. ಅವು ನೀರಿನ ಮೇಲೆ ಬಾಗುವ ಹೊತ್ತಿಗೆ ನನ್ನ ಮೊಮ್ಮಕ್ಕಳಿಗೂ ವಯಸ್ಸಾಗಿರುತ್ತದೆ. ಮಳೆ ಕೈಕೊಟ್ಟ ಬೇಸಿಗೆಗಳಲ್ಲಿ ದೋಣಿಗಳನ್ನು ಗುಂಪಾಗಿ ಲಾಕಿಗೆ ಬಿಡುತ್ತಾರೆ, ಒಂದು ತೊಟ್ಟಿ ನೀರಿನಲ್ಲಿ ಮೂರು ನಾಲ್ಕು ದೋಣಿ ಇಳಿಯಲಿ ಎಂದು. ಕಾಯುವ ದೋಣಿಗಳಲ್ಲಿ ಗೊಣಗಾಟ ಇದ್ದೇ ಇರುತ್ತದೆ. ನಮ್ಮ ಕಡೆಯ ಸರದಿ ನೀರಿನ ಜಗಳ ನೋಡಿದವನಿಗೆ ಅದು ಜಗಳವೇ ಅಲ್ಲ.

ಹೋಗುವ ಯೋಚನೆ ಇದ್ದವರು ಮೇ ಅಥವಾ ಸೆಪ್ಟೆಂಬರ್ ನೋಡಿ. ಚಳಿಗಾಲದಲ್ಲಿ ರಿಪೇರಿಗೆಂದು ಮುಚ್ಚುತ್ತಾರೆ. ಜುಲೈಯಲ್ಲೇ ಹೋಗಬೇಕಾದರೆ ಬೆಳಗಿನ ಮೊದಲ ಲಾಕಿಗೇ ನಿಲ್ಲಿ, ಹಗ್ಗ ಹಿಡಿಯಲು ಕೈಗವಸು ಇರಲಿ. ಸೇಂಟ್ ಫೆರೆಯೋಲ್ ಕಟ್ಟೆಯ ಅಡ್ಡಕೊಯ್ತದ ನಕ್ಷೆಯನ್ನು ಆ ಮೇಜಿನ ಮೇಲೆ ಇಟ್ಟಿದ್ದೇನೆ. ಪ್ರಶ್ನೆಗಳಿದ್ದರೆ ಅದನ್ನು ನೋಡಿಕೊಂಡೇ ಮಾತಾಡೋಣ.