ಅಪ್ಪನ ರೇಜರು, ನನ್ನ ಕೆನ್ನೆ

ಕೇಳುಗರಿಗೆಲ್ಲ ನಮಸ್ಕಾರ.

ಧನುರ್ಮಾಸದಲ್ಲಿ ಹಾಸನದ ಬೆಳಗು ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ. ಆರು ಗಂಟೆಗೆ ಎದ್ದು ನಲ್ಲಿ ತಿರುಗಿಸಿದರೆ ನೀರು ಬೆರಳು ಕಡಿಯುತ್ತದೆ. ಅಂಥ ಚಳಿಯಲ್ಲೂ ನಮ್ಮಪ್ಪ ದಿನಾ ಗಡ್ಡ ಹೆರೆದುಕೊಳ್ಳುತ್ತಿದ್ದರು. ಹಂಡೆಯಿಂದ ಒಂದು ಚೊಂಬು ಬಿಸಿನೀರು, ಕಿಟಕಿ ಸರಳಿಗೆ ಸಿಕ್ಕಿಸಿದ ಅಂಗೈಯಗಲದ ಕನ್ನಡಿ, ಹೆಗಲ ಮೇಲೊಂದು ಟವೆಲ್ಲು. ಆಮೇಲೆ ಆ ಸದ್ದು. ಒಣಗಿದ ಅಂಗಳದಲ್ಲಿ ಯಾರೋ ಪೊರಕೆ ಎಳೆದ ಹಾಗೆ, ಚರ್ರ್, ಚರ್ರ್ ಅಂತ. ನಮಗೆ ಅದೇ ಅಲಾರಂ.

ಹೋದ ವರ್ಷ ಅಟ್ಟ ಗುಡಿಸುವಾಗ ಆ ರೇಜರು ಟ್ರಂಕಿನಲ್ಲಿ ಸಿಕ್ಕಿತು. ಹಿಡಿಯ ಬುಡದಲ್ಲಿ ಒಂದು ತಿರುಪು. ಅದನ್ನು ತಿರುಗಿಸಿದರೆ ತಲೆಯ ಎರಡು ರೆಕ್ಕೆ ಮೆಲ್ಲಗೆ ತೆರೆದುಕೊಳ್ಳುತ್ತವೆ, ಗರ್ಭಗುಡಿಯ ಬಾಗಿಲು ತೆರೆದ ಹಾಗೆ. ಬಟರ್‌ಫ್ಲೈ ರೇಜರ್ ಅನ್ನುತ್ತಾರಲ್ಲ, ಅದು. ಒಳಗೆ ಅಪ್ಪ ಹಾಕಿದ್ದ ಕೊನೆಯ ಬ್ಲೇಡು ಹಾಗೇ ಇತ್ತು. ತುಕ್ಕು ಹಿಡಿದು ಕೆಂಪಾಗಿತ್ತು. ತೆಗೆಯಲು ಹೋದರೆ ಅರ್ಧ ಕೈಗೆ ಬಂತು.

ನಾನು ಅಲ್ಲಿವರೆಗೆ ಮೂರು ಬ್ಲೇಡು, ಐದು ಬ್ಲೇಡು ಸಾಲಾಗಿ ಜೋಡಿಸಿದ ಕಾರ್ಟ್ರಿಜ್ ಬಳಸುತ್ತಿದ್ದವನು. ಗಂಟಲ ಕೆಳಗೆ ಸದಾ ಕೆಂಪು ಗುಳ್ಳೆ. ಮುಂದಿನ ಬ್ಲೇಡು ಕೂದಲನ್ನು ಎಳೆಯುತ್ತದೆ, ಹಿಂದಿನದು ಚರ್ಮಕ್ಕಿಂತ ತುಸು ಕೆಳಗೆ ಕತ್ತರಿಸುತ್ತದೆ. ನನ್ನಂಥ ಗುಂಗುರು ಗಡ್ಡದವರಿಗೆ ಆ ಕೂದಲು ಆಮೇಲೆ ಚರ್ಮದೊಳಗೇ ಬಾಗಿ ಬೆಳೆಯುತ್ತದೆ. ಗುಳ್ಳೆಗೆ ಕಾರಣ ಅದು. ಸರಿ, ಅಪ್ಪನ ರೇಜರನ್ನು ಬಿಸಿನೀರು, ಸೋಪು, ಹಳೇ ಟೂತ್‌ಬ್ರಷ್ ಹಾಕಿ ತಿಕ್ಕಿದೆ. ಹೊಸ ಬ್ಲೇಡು ಹಾಕಿದೆ. ಹದಿನೈದು ದಿನಕ್ಕೆ ಗುಳ್ಳೆ ಇಳಿಯಿತು. ಚಟ ಅಲ್ಲಿಂದ ಶುರು.

ಈ ರೇಜರಿನ ಹಿಂದೆ ಒಬ್ಬ ಮಾರಾಟಗಾರ ಇದ್ದಾನೆ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಅಂಚಿಗೆ ತಡೆ ಕಟ್ಟಿದ ರೇಜರು ಅವನಿಗಿಂತ ಮೊದಲೇ ಇತ್ತು, ಆದರೆ ಅದರ ಅಲಗನ್ನು ಮತ್ತೆ ಮತ್ತೆ ಮಸೆಯಬೇಕಿತ್ತು. ಕಾಗದದಷ್ಟು ತೆಳ್ಳಗಿನ ಬ್ಲೇಡು ಮಾಡೋಣ, ಮೊಂಡಾದರೆ ಎಸೆಯಲಿ, ಇನ್ನೊಂದು ಕೊಳ್ಳಲಿ ಅಂತ 1895ರಲ್ಲಿ ಅವನಿಗೆ ಹೊಳೆಯಿತು. ಅಷ್ಟು ತೆಳು ಉಕ್ಕಿಗೆ ಹದ ಕೊಡುವುದು ಆಗದ ಕೆಲಸ ಅಂತ ತಿಳಿದವರೇ ಹೇಳಿದ್ದರು. ವಿಲಿಯಂ ನಿಕರ್ಸನ್ ಅನ್ನುವ ಎಂಜಿನಿಯರ್ ಅದನ್ನು ಸಾಧಿಸಿದ. 1903ರಲ್ಲಿ ಮಾರಾಟಕ್ಕೆ ಇಟ್ಟರು. ಆ ವರ್ಷ ಹೋಗಿದ್ದು ಬರೀ 51 ರೇಜರು, 168 ಬ್ಲೇಡು! ಮರುವರ್ಷ ರೇಜರುಗಳೇ ತೊಂಬತ್ತು ಸಾವಿರ ದಾಟಿದವು.

ಈಗ ನನ್ನ ಹತ್ತಿರ ಮೂರಿವೆ. ಒಂದು ಅಪ್ಪನದು. ಇನ್ನೊಂದು ಇಲ್ಲೇ ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಕೊಂಡಿದ್ದು, ಪ್ಲಾಸ್ಟಿಕ್ ಹಿಡಿಯದು. ಮೂರು ತುಂಡು, ಅಂದರೆ ಮುಚ್ಚಳ, ತಟ್ಟೆ, ಹಿಡಿ ಮೂರೂ ಬಿಚ್ಚಿಕೊಳ್ಳುತ್ತವೆ. ಮೂರನೆಯದು ಅಕ್ಕನ ಮಗ ತಂದುಕೊಟ್ಟ ಜರ್ಮನಿಯ ಮರ್ಕೂರ್ 34ಸಿ. ಜೋಲಿಂಗನ್ ಅನ್ನುವ ಊರಿನದು. ಚಾಕು ಕತ್ತರಿಗೆ ಹೆಸರಾದ ಊರು ಅದು. ಈ ರೇಜರು ಎರಡೇ ತುಂಡು, ತೂಕ ಸುಮಾರು 77 ಗ್ರಾಂ. ಗಿಡ್ಡ, ದಪ್ಪ ಹಿಡಿ.

ಒಂದು ತಿಂಗಳು ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಒಂದು ಅಂತ ಹೆರೆದು ನೋಡಿದೆ. ಬ್ಲೇಡು ಅದೇ ಕಂಪನಿಯದು, ಸೋಪು ಅದೇ. ಮನೆಯವಳನ್ನು ಕೇಳಿದೆ, ಯಾವ ಕಡೆ ನುಣುಪಾಗಿದೆ ನೋಡು ಅಂತ. "ಎರಡೂ ಕಡೆ ಒಂದೇ ಥರ ಇದೆ, ಕಿವಿ ಹತ್ರ ಸೋಪು ಒರೆಸ್ಕೊಳ್ಳಿ" ಅಂದಳು.

ನೋಡುವವರಿಗೆ ಗೊತ್ತಾಗುವುದಿಲ್ಲ. ಹೆರೆದುಕೊಂಡವನಿಗೆ ಗೊತ್ತಾಗುತ್ತದೆ. ಯಾಕೆ ಅಂತ ಹೇಳುತ್ತೇನೆ. ಎರಡಲಗಿನ ಬ್ಲೇಡು ಯಾವ ಕಂಪನಿಯದಾದರೂ ಅಳತೆ ಒಂದೇ. ಉದ್ದ 43 ಮಿಲಿಮೀಟರ್, ಅಗಲ 22, ದಪ್ಪ ಒಂದು ಮಿಲಿಮೀಟರಿನಲ್ಲಿ ಹತ್ತನೇ ಒಂದು ಪಾಲು. ಹಾಗಾಗಿ ಗುಣ ಬದಲಾಗುವುದು ತಲೆಯಲ್ಲಿ. ರೇಜರಿಗೆ ಬ್ಲೇಡು ಹಾಕಿ, ಕಿಟಕಿ ಬೆಳಕಿಗೆ ಹಿಡಿದು, ಪಕ್ಕದಿಂದ ಒಂದು ಕಣ್ಣು ಮುಚ್ಚಿ ನೋಡಿ. ಮುಚ್ಚಳದ ಕೆಳಗೆ ಬ್ಲೇಡು ಬಿಲ್ಲಿನ ಹಾಗೆ ಬಾಗಿರುತ್ತದೆ. ಅದರ ಅಂಚಿಗೂ ಕೆಳಗಿನ ತಡೆಪಟ್ಟಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ. ಆ ಸಂದಿನ ಮೇಲೆ, ಅಂಚು ಎಷ್ಟು ಹೊರಗೆ ಇಣುಕಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸಂದು ಕಿರಿದಾದರೆ ಸಾಧು ಹಸು. ಅಗಲವಾದರೆ ಹಾಯುವ ಹಸು.

34ಸಿ ಸಾಧು. ಅದೇ ಜರ್ಮನಿಯ ಮ್ಯೂಲೆ ಆರ್89 ಕೂಡ ಹೆಚ್ಚುಕಡಿಮೆ ಅದೇ ಸ್ವಭಾವದ್ದು, ತೂಕ ಮಾತ್ರ ಕಡಿಮೆ. ಮ್ಯೂಲೆಯವರದೇ ಆರ್41 ಇದೆ. ಅದರ ತಡೆಪಟ್ಟಿ ಬಾಚಣಿಗೆ ಹಲ್ಲಿನ ಹಾಗೆ ಇರುತ್ತದೆ. ಜೋರು ಅಂದರೆ ಜೋರು, ಹೊಸಬರು ಅದನ್ನು ದೂರದಿಂದ ನೋಡಿದರೆ ಸಾಕು. ಸಂದನ್ನು ನಾವೇ ಹಿಗ್ಗಿಸಿ ಕುಗ್ಗಿಸುವ ರೇಜರುಗಳೂ ಇವೆ. ಮರ್ಕೂರ್ ಫ್ಯೂಚರ್‌ನಲ್ಲಿ ಒಂದರಿಂದ ಆರರವರೆಗೆ ಅಂಕಿ ಇರುತ್ತದೆ. ದಿನಾ ಹೆರೆದುಕೊಳ್ಳುವವರಿಗೆ ಸಾಧು ರೇಜರು ಸಾಕು. ವಾರಕ್ಕೊಮ್ಮೆ ಗಡ್ಡಕ್ಕೆ ಕೈ ಹಾಕುವವರಿಗೆ ಅದು ಎರಡು ಎಳೆತಕ್ಕೇ ಕಟ್ಟಿಕೊಳ್ಳುತ್ತದೆ. ಅವರಿಗೆ ಸಂದು ಸ್ವಲ್ಪ ಜಾಸ್ತಿ ಬೇಕು, ಇಲ್ಲ ಹಲ್ಲಿನದು ಬೇಕು.

ಹಲ್ಲಿನದರ ರುಚಿ ನಾನೂ ನೋಡಿದ್ದೇನೆ. ಸ್ನೇಹಿತರೊಬ್ಬರ ರೇಜರು, ಹಾಸನಾಂಬೆ ದರ್ಶನಕ್ಕೆ ಹೊರಟ ಬೆಳಗ್ಗೆ ಅವಸರದಲ್ಲಿ ಎಳೆದೆ. ಗಲ್ಲದಲ್ಲಿ ಕಚ್ಚಿತು. ಪಟಿಕ ಒತ್ತಿದೆ, ನಿಲ್ಲಲಿಲ್ಲ. ಪೇಪರಿನ ಚೂರು ಅಂಟಿಸಿದೆ, ನಿಂತಿತು. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಅಮ್ಮನ ಮುಂದೆ, ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಗಲ್ಲದ ಮೇಲೆ ಪೇಪರ್ ಚೂರಿನ ಸಮೇತ ಕೈಮುಗಿದೆ. ತಪ್ಪು ರೇಜರಿನದಲ್ಲ ಬಿಡಿ. ಕಾರ್ಟ್ರಿಜ್ ಅಭ್ಯಾಸದಲ್ಲಿ ಒತ್ತಿ ಎಳೆದಿದ್ದೆ. ಇದನ್ನು ಒತ್ತಬಾರದು, ರೇಜರಿನ ಭಾರವೇ ಕೆಲಸ ಮಾಡಬೇಕು. ಮುಚ್ಚಳವನ್ನು ಕೆನ್ನೆಗೆ ಚಪ್ಪಟೆಯಾಗಿ ತಾಗಿಸಿ, ಹಿಡಿಯನ್ನು ಮೆಲ್ಲಗೆ ಕೆಳಗಿಳಿಸುತ್ತಾ ಬನ್ನಿ. ಎಲ್ಲೋ ಒಂದು ಕಡೆ ಚರ್ರ್ ಅಂತ ಸದ್ದು ಶುರುವಾಗುತ್ತದೆ. ಬ್ಲೇಡಿಗೂ ಕೆನ್ನೆಗೂ ನಡುವೆ ಸುಮಾರು ಮೂವತ್ತು ಡಿಗ್ರಿ ಆಗಿರುತ್ತದೆ ಆಗ. ಅಳೆಯಲು ಹೋಗಬೇಡಿ, ಕಿವಿಗೆ ಬಿಡಿ. ಪ್ಲಾಸ್ಟಿಕ್ ಹಿಡಿಯದು ನನಗೆ ಯಾಕೆ ಒಗ್ಗಲಿಲ್ಲ ಅಂದರೆ ಇದಕ್ಕೇ. ಭಾರವಿಲ್ಲದೆ ಕೈ ತಾನಾಗಿ ಒತ್ತುತ್ತದೆ.

ಬ್ಲೇಡಿನ ಮಾತು ಒಂದೇ ಒಂದು. ರೇಜರು ಸರಿಯಿಲ್ಲ ಅನ್ನಿಸಿದರೆ ಮೊದಲು ಬ್ಲೇಡು ಬದಲಿಸಿ ನೋಡಿ. ಜಪಾನಿನ ಫೆದರ್ ಬಹಳ ಹರಿತ, ನನ್ನ ಚರ್ಮಕ್ಕೆ ಆಗದು. ಅಂಗಡಿಯಲ್ಲಿ ಸಿಗುವ ನಮ್ಮ ದೇಶದ ಬ್ಲೇಡು ನನಗೆ ನಾಲ್ಕು ಸಲಕ್ಕೆ ಸಾಕು. ಒಂದು ಬ್ಲೇಡಿನ ಬೆಲೆ ಹೋಟೆಲಿನ ಒಂದು ಕಾಫಿಗಿಂತ ಕಡಿಮೆ.

ನೀರಿನದೂ ಒಂದು ಕಥೆ ಇದೆ. ನಮ್ಮ ಮಾವನ ಮನೆ ಅರಸೀಕೆರೆ ಕಡೆ, ಬೋರ್‌ವೆಲ್ ನೀರು. ಅಲ್ಲಿ ಎಷ್ಟು ಬ್ರಷ್ ತಿರುಗಿಸಿದರೂ ನೊರೆ ಏಳುವುದಿಲ್ಲ, ಮಜ್ಜಿಗೆಯಂತೆ ಒಡೆದು ಕೆನ್ನೆ ಮೇಲೆ ಇಳಿಯುತ್ತದೆ. ಗಡಸು ನೀರಿನ ಸುಣ್ಣದ ಅಂಶ ಸೋಪನ್ನೆಲ್ಲ ಹಿಡಿದುಕೊಳ್ಳುತ್ತದೆ, ಅದಕ್ಕೆ. ಅದೇ ಸೋಪನ್ನು ಸಕಲೇಶಪುರದ ಅಕ್ಕನ ಮನೆಗೆ ಒಯ್ದರೆ ಬೆಟ್ಟದ ನೀರಿಗೆ ಬೆಣ್ಣೆಯ ಹಾಗೆ ನೊರೆ. ಹಾಗಾಗಿ ಅರಸೀಕೆರೆಗೆ ಹೋದಾಗ ಕುಡಿಯುವ ಕ್ಯಾನಿನಿಂದ ಒಂದು ಲೋಟ ನೀರು ಕದಿಯುತ್ತೇನೆ. ಅತ್ತೆಗೆ ಗೊತ್ತು, ಸುಮ್ನೆ ಇರುತ್ತಾರೆ.

ಮಲೆನಾಡಿನ ತೊಂದರೆ ಬೇರೆ, ಥಂಡಿ. ಮಳೆಗಾಲದಲ್ಲಿ ಒದ್ದೆ ರೇಜರನ್ನು ಹಾಗೇ ಬಿಟ್ಟರೆ ಕಷ್ಟ. ಕಡಿಮೆ ಬೆಲೆಯ ರೇಜರಿನ ತಲೆ ಸತುವಿನ ಮಿಶ್ರಲೋಹದ್ದು, ಮೇಲೆ ಹೊಳಪಿನ ಲೇಪ. ಲೇಪ ಎದ್ದ ಕಡೆ ನೀರು ಕೂತು ಲೋಹ ತಿನ್ನುತ್ತದೆ. ನನ್ನದೊಂದು ಹೀಗೇ ತಿರುಪು ಮುರಿದು ಎರಡಾಯಿತು. ತೊಳೆದ ಮೇಲೆ ಕೊಡವಿ, ಸ್ವಲ್ಪ ಸಡಿಲ ಮಾಡಿ, ಗಾಳಿಗೆ ನಿಲ್ಲಿಸಿ. ಬ್ಲೇಡನ್ನು ಬಟ್ಟೆಯಲ್ಲಿ ಒರೆಸಬೇಡಿ, ಅಂಚೂ ಹೋಗುತ್ತದೆ, ಬೆರಳೂ ಹೋಗುತ್ತದೆ.

ಸವೆದ ಬ್ಲೇಡನ್ನು ಏನು ಮಾಡುವುದು? ಅಪ್ಪ ಹೆಂಚಿನ ಕೆಳಗಿನ ತೊಲೆಯ ಬಿರುಕಿಗೆ ತೂರಿಸುತ್ತಿದ್ದರು. ನಮ್ಮ ಪೆನ್ಸಿಲ್ ಹೆರೆಯಲು, ಅಮ್ಮನಿಗೆ ಹೊಲಿಗೆ ಬಿಚ್ಚಲು ಅಲ್ಲಿಂದಲೇ. ಅಮೆರಿಕದ ಹಳೇ ಮನೆಗಳ ಬಚ್ಚಲಲ್ಲಿ ಗೋಡೆಗೇ ಒಂದು ಸೀಳು ಇರುತ್ತಿತ್ತಂತೆ, ಬ್ಲೇಡು ಹಾಕಿದರೆ ಗೋಡೆಯೊಳಗೆ ಬೀಳುತ್ತಿತ್ತು. ನಾನು ಹಾಲಿನ ಪುಡಿಯ ತಗಡಿನ ಡಬ್ಬಕ್ಕೆ ಮೇಲೊಂದು ಸೀಳು ಕೊರೆದು, ಮುಚ್ಚಳಕ್ಕೆ ಸುತ್ತ ಟೇಪ್ ಹಾಕಿ ಇಟ್ಟಿದ್ದೇನೆ. ಕಸದ ಗಾಡಿಯವರ ಕೈಗೆ ಚುಚ್ಚಬಾರದು ನೋಡಿ. ಅದರೊಳಗೆ ಮೊದಲು ಬಿದ್ದಿದ್ದು ಅಪ್ಪನ ಆ ತುಕ್ಕು ಬ್ಲೇಡಿನ ಎರಡು ಚೂರು. ಈಗ ಡಬ್ಬ ಕಾಲು ಭಾಗ ತುಂಬಿದೆ, ಅಲ್ಲಾಡಿಸಿದರೆ ದೇವಸ್ಥಾನದ ಹುಂಡಿ ಥರ ಸದ್ದು ಮಾಡುತ್ತದೆ. ಮೊನ್ನೆ ಮೊಮ್ಮಗಳು ಅದಕ್ಕೆ ಒಂದು ರೂಪಾಯಿ ಹಾಕಿ ಕೈಮುಗಿದಳು.

ನಮಸ್ಕಾರ.